ಬೇಗ ನೀರಿಗಿಳಿದವರೇ ವೇಗವಾಗಿ ಈಜುತ್ತಾರೆಯೇ?

ಹೊಲದ ಬಾವಿಯಲ್ಲಿ ಸೋರೆಬುರುಡೆಯನ್ನೋ ಖಾಲಿ ಪ್ಲಾಸ್ಟಿಕ್ ಕ್ಯಾನನ್ನೋ ಬೆನ್ನಿಗೆ ಕಟ್ಟಿಕೊಂಡು ಈಜು ಕಲಿತ ತಾಳವಾಡಿ ಸೀಮೆಯ ಮಕ್ಕಳಿಗೆ ನೀರಿನ ಅಂಜಿಕೆ ಇರುವುದಿಲ್ಲ. ದಂಡೆಯಿಂದ ಧುಮುಕುತ್ತಾರೆ, ತಳ ಮುಟ್ಟಿ ಮೇಲೆ ಬರುತ್ತಾರೆ. ಅಂಥ ಹನ್ನೆರಡು ವರ್ಷದ ಹುಡುಗನನ್ನು ಮೈಸೂರಿನಲ್ಲೋ ಬೆಂಗಳೂರಿನಲ್ಲೋ 50 ಮೀಟರ್ ಕೊಳದ ಪಂದ್ಯಕ್ಕೆ ನಿಲ್ಲಿಸಿದರೆ, ಅವನಿಗಿಂತ ಚಿಕ್ಕವನಾದ ಪೇಟೆಯ ಹುಡುಗ ಮುಂದೆ ಹೋಗಿಬಿಡುತ್ತಾನೆ. ನೋಡುತ್ತ ನಿಂತ ಹಿರಿಯರು ಆಡುವ ಮಾತು ಒಂದೇ: "ಅವನು ನಾಲ್ಕು ವರ್ಷಕ್ಕೇ ಕಲಿತವನು. ನಮ್ಮ ಹುಡುಗನಿಗೆ ಕಾಲ ಮೀರಿತು ಬುಡಿ."

ಕಾಲ ಮೀರಿಲ್ಲ. ಬೇಗ ಕಲಿತರೆ ಲಾಭವಿರುವುದು ನಿಜ. ಆ ಲಾಭ ಯಾವುದು ಎಂಬುದನ್ನು ಬಹಳ ಜನ ತಪ್ಪಾಗಿ ತಿಳಿದಿದ್ದಾರೆ.

ಈಜಿನ ವೇಗದ ಲೆಕ್ಕ ಚಿಕ್ಕದು. ಎರಡೂ ಕೈ ಒಂದೊಂದು ಬಾರಿ ಬೀಸಿದರೆ ಒಂದು ಸುತ್ತು. ಸುತ್ತಿಗೆ 2 ಮೀಟರ್ ಸಾಗುವವನು ನಿಮಿಷಕ್ಕೆ 45 ಸುತ್ತು ಹಾಕಿದರೆ ನಿಮಿಷಕ್ಕೆ 90 ಮೀಟರ್ ಆಯಿತು. ವೇಗ ಹೆಚ್ಚಬೇಕಾದರೆ ಸುತ್ತಿನ ಉದ್ದ ಹೆಚ್ಚಬೇಕು, ಇಲ್ಲವೇ ಸುತ್ತುಗಳ ಸಂಖ್ಯೆ ಹೆಚ್ಚಬೇಕು.

ಹೊಸಬರೆಲ್ಲ ಕೈ ಹಾಕುವುದು ಎರಡನೆಯದಕ್ಕೆ. ರಪರಪನೆ ಬಡಿಯುತ್ತಾರೆ, ಇಪ್ಪತ್ತು ಮೀಟರಿಗೆ ಏದುಸಿರು ಬಿಡುತ್ತಾರೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ವೇಗ ಎರಡು ಪಟ್ಟಾದರೆ ನೀರಿನ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ, ಅದನ್ನು ಮೀರಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಆದ್ದರಿಂದ ರಟ್ಟೆ ಬಲಪಡಿಸುವುದಕ್ಕಿಂತ ತಡೆ ಇಳಿಸುವುದು ಅಗ್ಗದ ದಾರಿ.

ಬಾವಿಯಲ್ಲಿ ಕಲಿತವನು ತಲೆ ಎತ್ತಿ ಈಜುತ್ತಾನೆ. ಅಲ್ಲಿ ಅದು ಬೇಕೇಬೇಕು: ಮೆಟ್ಟಿಲು ಎಲ್ಲಿದೆ, ಮೇಲಿನಿಂದ ಯಾರು ಹಾರುತ್ತಿದ್ದಾರೆ ಎಂದು ಕಣ್ಣಿಟ್ಟಿರಬೇಕು. ಆದರೆ ತಲೆ ಎತ್ತಿದೊಡನೆ ಸೊಂಟ ಕುಸಿಯುತ್ತದೆ, ಅದರ ಹಿಂದೆ ಕಾಲೂ ಇಳಿಯುತ್ತದೆ. ಈಟಿಯಂತೆ ಹೋಗಬೇಕಾದ ಮೈ ಓರೆಯಾಗಿ ಎದೆಯಿಂದ ನೀರನ್ನು ತಳ್ಳುತ್ತ ಹೋಗುತ್ತದೆ. ಅವನ ಕಣ್ಣನ್ನು ಕೊಳದ ತಳದ ಕಪ್ಪು ಗೆರೆಯ ಮೇಲಿರಿಸಿ, ಉಸಿರನ್ನು ನೀರಿನೊಳಗೇ ಬಿಡಿಸಿ, ಉಸಿರೆಳೆಯುವಾಗ ಒಂದು ಕೆನ್ನೆ ನೀರಿನಲ್ಲೇ ಇರುವಷ್ಟು ಮಾತ್ರ ಮುಖ ತಿರುಗಿಸಲು ಕಲಿಸಿ. ಮೊದಮೊದಲು ನೀರು ಕುಡಿದು ಕೆಮ್ಮುತ್ತಾನೆ. ಹಿಡಿತ ಸಿಕ್ಕ ದಿನ ಸೊಂಟ ತಾನಾಗಿ ಮೇಲೇಳುತ್ತದೆ, ಬಲ ಅಷ್ಟೇ ಇದ್ದರೂ ವೇಗ ಏರುತ್ತದೆ. ಎಷ್ಟು ಸಲ ನೋಡಿದರೂ ನನಗೆ ಹಿಗ್ಗು ತರುವ ಗಳಿಗೆ ಅದು!

ಎಳೆಯ ವಯಸ್ಸಿನ ಕಲಿಕೆಯ ನಿಜವಾದ ಲಾಭ ಇದೇ. ಮೊಣಕೈಯನ್ನು ಮೇಲಿಟ್ಟು ಮುಂಗೈಯಿಂದ ನೀರನ್ನು ಹಿಡಿಯುವ ಹದ, ಮೈ ಹೊರಳಿಸುವ ಲಯ, ಇವು ಎಳೆಯರಿಗೆ ಬೇಗ ಮೈಗೂಡುತ್ತವೆ. ಹಾಗೆಂದು ಬಾಗಿಲು ಐದನೆಯ ವರ್ಷಕ್ಕೇ ಮುಚ್ಚುವುದಿಲ್ಲ. ಬೆಂಗಳೂರಿನ ನಿಶಾ ಮಿಲೆಟ್ ಚಿಕ್ಕವರಿದ್ದಾಗ ಮುಳುಗುವುದರಿಂದ ಪಾರಾಗಿ ನೀರಿಗೆ ಅಂಜಿದ್ದವರು. ಈಜು ಕಲಿತಾಗ ಅವರಿಗೆ ಸುಮಾರು ಒಂಬತ್ತು ವರ್ಷ. 2000ದಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಸಿಡ್ನಿ ಒಲಿಂಪಿಕ್ಸ್‌ನ 200 ಮೀಟರ್ ಫ್ರೀಸ್ಟೈಲ್‌ನಲ್ಲಿ ಈಜಿದರು.

ಇನ್ನು ಅತಿ ದೊಡ್ಡ ತಪ್ಪು ತಿಳಿವಳಿಕೆಗೆ ಬರೋಣ. ಹನ್ನೊಂದರಿಂದ ಹದಿನಾಲ್ಕರವರೆಗೆ ಮಗುವಿನ ಟೈಮಿಂಗ್ ವರ್ಷವರ್ಷ ಸುಧಾರಿಸಿದರೆ ತಂದೆತಾಯಿ ಅದನ್ನೆಲ್ಲ ತರಬೇತಿಯ ಫಲವೆಂದುಕೊಳ್ಳುತ್ತಾರೆ. ಆ ಸುಧಾರಣೆಯಲ್ಲಿ ಬೆಳವಣಿಗೆಯ ಪಾಲು ದೊಡ್ಡದು. ಮೈ ಉದ್ದವಾದಷ್ಟೂ ಅದು ಎಬ್ಬಿಸುವ ಅಲೆಯ ತಡೆ ತಗ್ಗುತ್ತದೆ, ತೋಳು ಉದ್ದವಾದಷ್ಟೂ ಸುತ್ತಿನ ಉದ್ದ ಹೆಚ್ಚುತ್ತದೆ. (ಈಜಿದರೆ ಎತ್ತರ ಬೆಳೆಯುತ್ತಾರೆ ಎಂಬ ಮಾತು ತಿರುಗುಮುರುಗು: ಎತ್ತರದವರು ಗೆಲ್ಲುತ್ತಾರೆ, ಗೆದ್ದವರು ಕೊಳದಲ್ಲಿ ಉಳಿಯುತ್ತಾರೆ.) ಹೆಣ್ಣುಮಕ್ಕಳ ಎತ್ತರ ಅತಿ ವೇಗವಾಗಿ ಏರುವುದು ಸಾಮಾನ್ಯವಾಗಿ ಹನ್ನೆರಡರ ಸುಮಾರಿಗೆ, ಗಂಡುಮಕ್ಕಳದು ಹದಿನಾಲ್ಕರ ಸುಮಾರಿಗೆ. ಮಗುವಿನಿಂದ ಮಗುವಿಗೆ ಇದು ಎರಡು ವರ್ಷ ಹಿಂದೆಮುಂದೆ ಆಗುತ್ತದೆ. ಹೀಗಾಗಿ ಒಂದೇ ವಯೋಗುಂಪಿನಲ್ಲಿ ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಪಕ್ಕದ ಲೇನಿನವನು ಇನ್ನೂ ಮಗುವಾಗಿರುತ್ತಾನೆ. ಪದಕ ಮೊದಲನೆಯವನ ಪಾಲಾಗುತ್ತದೆ. ಸೋತವನು "ನನಗೆ ಈಜು ಬರಲ್ಲ" ಎಂದು ಬಿಟ್ಟುಬಿಡುತ್ತಾನೆ. ಅವನ ಬೆಳವಣಿಗೆಯ ಸರದಿ ಬರುವ ಹೊತ್ತಿಗೆ ಅವನು ಕೊಳದಲ್ಲೇ ಇರುವುದಿಲ್ಲ. ಹೆಣ್ಣುಮಕ್ಕಳಿಗೆ ಆಗುವ ಅನ್ಯಾಯ ಬೇರೆ ಬಗೆಯದು. ಮೈನೆರೆದ ಮೇಲೆ ಮೈಕಟ್ಟು ಬದಲಾಗಿ ಒಂದೆರಡು ವರ್ಷ ಟೈಮಿಂಗ್ ನಿಂತಲ್ಲೇ ನಿಲ್ಲಬಹುದು. ಅದನ್ನು ಸೋಮಾರಿತನ ಎಂದು ಬೈಯುವವರಿದ್ದಾರೆ. ಬೈಯಬೇಡಿ, ಕಾಯಿರಿ.

ಹುಡುಗಿಯರು ಬೇಗ ಬೆಳೆಯುವುದರಿಂದಲೇ ಎಳೆಯ ಒಲಿಂಪಿಯನ್ನರಲ್ಲಿ ಅವರು ಹೆಚ್ಚು. ಭಾರತದ ಆರತಿ ಸಾಹಾ 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋದಾಗ ಹನ್ನೊಂದು ವರ್ಷದವರು. ಬೆಂಗಳೂರಿನ ಧಿನಿಧಿ ದೇಸಿಂಗು 2024ರ ಪ್ಯಾರಿಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದಾಗ ಹದಿನಾಲ್ಕು. ಅದೇ ಬೆಂಗಳೂರಿನ ಶ್ರೀಹರಿ ನಟರಾಜ್ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಅನ್ನು 53.77 ಸೆಕೆಂಡಿನಲ್ಲಿ ಈಜಿ ಟೋಕಿಯೊ ಒಲಿಂಪಿಕ್ಸ್‌ಗೆ ನೇರ ಪ್ರವೇಶ ಕೊಡುವ 'ಎ' ಅರ್ಹತೆ ಪಡೆದದ್ದು ಇಪ್ಪತ್ತರಲ್ಲಿ.

ದೂರವೂ ಲೆಕ್ಕಕ್ಕೆ ಬರುತ್ತದೆ. 800, 1500 ಮೀಟರಿಗೆ ಹಗುರ ಮೈ, ಹೃದಯ ಮತ್ತು ಶ್ವಾಸಕೋಶದ ತಾಳಿಕೆ ಮುಖ್ಯ. 50 ಮೀಟರಿಗೆ ಸ್ನಾಯುಬಲ ಬೇಕು, ಅದು ಇಪ್ಪತ್ತರ ನಂತರವೂ ಬೆಳೆಯುತ್ತದೆ. ಬೆಂಗಳೂರಿನಲ್ಲಿ ತರಬೇತುದಾರ ನಿಹಾರ್ ಅಮೀನ್ ಅವರ ಬಳಿ ಪಳಗಿದ ವೀರಧವಳ ಖಾಡೆ ಹದಿನಾರಕ್ಕೇ ಬೀಜಿಂಗ್ ಒಲಿಂಪಿಕ್ಸ್ ಕಂಡವರು. ಆಮೇಲೆ ಮಹಾರಾಷ್ಟ್ರದಲ್ಲಿ ತಹಸೀಲ್ದಾರರಾದರು. ಮರಳಿ ಕೊಳಕ್ಕೆ ಬಂದು 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ, ಸುಮಾರು ಇಪ್ಪತ್ತೇಳರ ವಯಸ್ಸಿನಲ್ಲಿ, 50 ಮೀಟರ್ ಫ್ರೀಸ್ಟೈಲ್ ಅನ್ನು 22.43 ಸೆಕೆಂಡಿನಲ್ಲಿ ಈಜಿ ರಾಷ್ಟ್ರೀಯ ದಾಖಲೆ ಬರೆದರು. ಫೈನಲ್‌ನಲ್ಲಿ ಕಂಚು ತಪ್ಪಿದ್ದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. ಅಮೆರಿಕದ ಆಂಟನಿ ಅರ್ವಿನ್ ಇದೇ ದೂರದಲ್ಲಿ ಹತ್ತೊಂಬತ್ತರಲ್ಲಿ ಒಮ್ಮೆ, ಮೂವತ್ತೈದರಲ್ಲಿ ಮತ್ತೊಮ್ಮೆ ಒಲಿಂಪಿಕ್ ಚಿನ್ನ ಗೆದ್ದರು.

ಚಿಕ್ಕ ಮಕ್ಕಳಿಂದ ಕಿಲೋಮೀಟರ್‌ಗಟ್ಟಲೆ ಈಜಿಸುವ ಅವಸರಕ್ಕೆ ಬೆಲೆ ತೆರುವುದು ಭುಜ. 50 ಮೀಟರಿಗೆ 50 ಬೀಸು ಹಾಕುವ ಮಗು 4 ಕಿಲೋಮೀಟರ್ ಈಜಿದರೆ 4000 ಬೀಸು, ಅಂದರೆ ಒಂದೊಂದು ಭುಜಕ್ಕೆ 2000. ಹತ್ತರ ವಯಸ್ಸಿನಲ್ಲಿ ದೂರಕ್ಕಿಂತ ಬೀಸಿನ ಹದ ಮುಖ್ಯ.

ತಾಳವಾಡಿ, ಚಾಮರಾಜನಗರದ ಕಡೆಯ ಶಾಲಾ ಮೇಷ್ಟ್ರುಗಳಲ್ಲಿ ಒಂದು ಬೇಡಿಕೆ. ಈಜಬಲ್ಲ ಮಕ್ಕಳ ಒಂದು ನೋಟ್‌ಬುಕ್ ಇಡಿ. ಆರು ತಿಂಗಳಿಗೊಮ್ಮೆ, ದೊಡ್ಡವರ ಕಾವಲಿನಲ್ಲಿ, ಅಳೆದು ಹಗ್ಗ ಕಟ್ಟಿದ ಒಂದೇ ದೂರವನ್ನು ಈಜಿಸಿ. ಹಿಡಿದ ಸಮಯದ ಪಕ್ಕದಲ್ಲಿ ಮಗುವಿನ ಎತ್ತರವನ್ನೂ ಬೀಸುಗಳ ಲೆಕ್ಕವನ್ನೂ ಬರೆಯಿರಿ. ಎತ್ತರ ಏರದೆ ಬೀಸು ಕಡಿಮೆಯಾಗಿ ಸಮಯ ಇಳಿದಿದ್ದರೆ ಆ ಮಗು ಕಲಿಯುತ್ತಿದೆ. ಅಂಥ ಮಗು ಹದಿಮೂರರಲ್ಲಿ ಸೋತರೂ ಹದಿನೆಂಟರವರೆಗೆ ಅದನ್ನು ನೀರಿನಿಂದ ಎಬ್ಬಿಸಬೇಡಿ.