ಆಧಾರ್, ಮೊಬೈಲು ಮತ್ತು ಹಾಲಿನ ಹಣ: ಸದಸ್ಯರು ತಿಳಿದಿರಬೇಕಾದ ಸಂಗತಿಗಳು



ಬೆಳಗಿನ ಹೊತ್ತು ಸಂಘದ ಮುಂದೆ ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಾಗ ಮಳೆ, ಮೇವು, ಹಿಂಡಿಯ ಬೆಲೆಯ ಜೊತೆಗೆ ಈಗ ಇನ್ನೊಂದು ಮಾತೂ ಬರುತ್ತದೆ. "ಎಲ್ಲದಕ್ಕೂ ಆಧಾರ್, ಎಲ್ಲದಕ್ಕೂ ಹೆಬ್ಬೆಟ್ಟು, ಎಲ್ಲದಕ್ಕೂ ಮೊಬೈಲು" ಎಂದು ಒಬ್ಬರು ಬೇಸರಪಡುತ್ತಾರೆ. "ಮಧ್ಯೆ ಯಾರ ಕೈಯೂ ಇಲ್ಲದೆ ಹಣ ನೇರವಾಗಿ ಖಾತೆಗೆ ಬರುತ್ತದಲ್ಲ, ಇನ್ನೇನು ಬೇಕು?" ಎಂದು ಇನ್ನೊಬ್ಬರು ಕೇಳುತ್ತಾರೆ. ಮೂರನೆಯವರು, "ನಾವೇನು ಕಳ್ಳರೇ? ನಮ್ಮಲ್ಲಿ ಮುಚ್ಚಿಡುವಂಥದ್ದು ಏನಿದೆ?" ಎಂದು ಮಾತು ಮುಗಿಸುತ್ತಾರೆ. ಮೊದಲಿನ ಎರಡು ಮಾತುಗಳಲ್ಲೂ ಸತ್ಯವಿದೆ. ಮೂರನೆಯ ಮಾತನ್ನು ಮಾತ್ರ ಸ್ವಲ್ಪ ನಿಂತು ವಿಚಾರ ಮಾಡಬೇಕು. ಏಕೆಂದರೆ ಅದರ ಜೊತೆಗೆ ನಿಮ್ಮ ಹಾಲಿನ ಬಟವಾಡೆ ತಳಕು ಹಾಕಿಕೊಂಡಿದೆ.

ಅನುಕೂಲವನ್ನು ಮರೆಯಬಾರದು

ಲೆಕ್ಕವನ್ನೆಲ್ಲ ಕೈಯಲ್ಲಿ ಬರೆಯುತ್ತಿದ್ದ ಕಾಲವನ್ನು ಹಿರಿಯ ಸದಸ್ಯರು ಬಲ್ಲರು. ಈಗ ಯಂತ್ರವೇ ತೂಕ, ಜಿಡ್ಡು, ಎಸ್‌ಎನ್‌ಎಫ್ ತೋರಿಸಿ ಚೀಟಿ ಕೊಡುತ್ತದೆ. ರಾಜ್ಯ ಸರ್ಕಾರವು ಲೀಟರಿಗೆ ಕೊಡುವ ಪ್ರೋತ್ಸಾಹಧನ 2008ರಲ್ಲಿ 2 ರೂ. ಇತ್ತು, ಮುಂದೆ 5 ರೂ. ಆಯಿತು. ಅದು ಬರುವುದೂ ಬ್ಯಾಂಕ್ ಖಾತೆಗೇ. ರಾಸುಗಳ ಕಿವಿಯಲ್ಲಿ 12 ಅಂಕಿಯ ಕಿವಿಯೋಲೆ ಬಂದಿದೆ. ಕಾಲುಬಾಯಿ ಜ್ವರದ ಲಸಿಕೆ, ಕೃತಕ ಗರ್ಭಧಾರಣೆ, ವಿಮೆ ಎಲ್ಲವೂ ಆ ಸಂಖ್ಯೆಯ ಮೇಲೆಯೇ ದಾಖಲಾಗುತ್ತವೆ. ಇವುಗಳಿಂದ ನಮಗೆ ಲಾಭವಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಒಮ್ಮೆ ಲೆಕ್ಕ ಹಾಕಿ ನೋಡಿ. ನಿಮ್ಮ ಹೆಸರು, ಊರು, ಆಧಾರ್, ಖಾತೆ ಸಂಖ್ಯೆ, ಮೊಬೈಲ್ ಸಂಖ್ಯೆ, ಎಷ್ಟು ರಾಸು, ದಿನಕ್ಕೆ ಎಷ್ಟು ಹಾಲು, ತಿಂಗಳಿಗೆ ಎಷ್ಟು ಆದಾಯ, ಎಲ್ಲೆಲ್ಲಿ ಸಾಲ — ಇಷ್ಟೂ ಒಂದಲ್ಲ ಒಂದು ಕಡೆ ಬರೆದಿಟ್ಟಿದೆ. ಹಿಂದೆ ಇದನ್ನು ತಿಳಿಯಬೇಕಾದರೆ ನಿಮ್ಮ ಮನೆಗೇ ಬರಬೇಕಿತ್ತು. ಈಗ ಹಾಗಿಲ್ಲ.

ಖಾಸಗಿತನ ಎಂದರೆ ಏನು?

ಖಾಸಗಿತನ ಎಂದರೆ ತಪ್ಪು ಮಾಡಿ ಮುಚ್ಚಿಡುವುದು ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ನಮ್ಮ ಸಂಘದ ಉದಾಹರಣೆಯನ್ನೇ ತೆಗೆದುಕೊಳ್ಳಿ. ಹಾಲು ಸುರಿದ ಮೇಲೆ ತೂಕ ಎಷ್ಟು ಬಂತು, ಜಿಡ್ಡು ಎಷ್ಟು ಬಂತು ಎಂದು ನೀವು ಇಣುಕಿ ನೋಡುತ್ತೀರಿ, ಚೀಟಿ ಕೇಳಿ ಪಡೆಯುತ್ತೀರಿ. ಹಾಗೆಂದು ಕಾರ್ಯದರ್ಶಿಯನ್ನು ಕಳ್ಳ ಎಂದು ಕರೆದಂತಾಯಿತೇ? ಇಲ್ಲ. ಹಾಲು ನಿಮ್ಮದು, ಆದ್ದರಿಂದ ಅದರ ಲೆಕ್ಕ ತಿಳಿಯುವ ಹಕ್ಕೂ ನಿಮ್ಮದು. ನಿಮ್ಮ ವಿವರಗಳೂ ಹಾಗೆಯೇ. ಯಾರು ತೆಗೆದುಕೊಂಡರು, ಯಾವ ಕೆಲಸಕ್ಕೆ, ಆ ಕೆಲಸ ಮುಗಿದ ಮೇಲೆ ಏನು ಮಾಡಿದರು ಎಂದು ಕೇಳುವುದೇ ಖಾಸಗಿತನ.

ಈ ಹಕ್ಕನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದವರು ನಮ್ಮ ರಾಜ್ಯದವರೇ ಎಂಬುದನ್ನು ಸದಸ್ಯರು ತಿಳಿದಿರಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ನೀಡಿತು. 2018ರ ಸೆಪ್ಟೆಂಬರ್ 26ರಂದು ಇನ್ನೊಂದು ತೀರ್ಪು ಬಂದು, ಸರ್ಕಾರದ ಸಹಾಯಧನ, ಸವಲತ್ತುಗಳಿಗೆ ಆಧಾರ್ ಕೇಳಬಹುದು, ಆದರೆ ಬ್ಯಾಂಕ್ ಖಾತೆಗೆ, ಮೊಬೈಲ್ ಸಿಮ್‌ಗೆ ಅದನ್ನು ಕಡ್ಡಾಯ ಮಾಡುವಂತಿಲ್ಲ ಎಂದಾಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು.

ರಾಜಕೀಯದ ಮಾತು

ಇದು ಆ ಪಕ್ಷದ ಮಾತು, ಈ ಪಕ್ಷದ ಮಾತು ಎಂದು ಕೆಲವರು ತಳ್ಳಿಹಾಕುತ್ತಾರೆ. ಆಧಾರ್ ಪ್ರಾಧಿಕಾರ ಸ್ಥಾಪನೆಯಾದದ್ದು 2009ರಲ್ಲಿ, ಆಧಾರ್ ಕಾಯಿದೆ ಬಂದದ್ದು 2016ರಲ್ಲಿ. ಅಷ್ಟರಲ್ಲಿ ಕೇಂದ್ರದಲ್ಲಿ ಸರ್ಕಾರ ಬದಲಾಗಿತ್ತು. ಮೊದಲು ಪ್ರಶ್ನೆ ಕೇಳಿದವರು ಆಮೇಲೆ ಸಮರ್ಥಿಸಿದರು, ಮೊದಲು ಸಮರ್ಥಿಸಿದವರು ಆಮೇಲೆ ಪ್ರಶ್ನೆ ಕೇಳಿದರು. ಆದ್ದರಿಂದ ಇದನ್ನು ಪಕ್ಷದ ಕಣ್ಣಿನಿಂದ ನೋಡಿ ಪ್ರಯೋಜನವಿಲ್ಲ.

ವಿವರಗಳಿಗೂ ಮತಕ್ಕೂ ಸಂಬಂಧವಿದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. 2022ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ, ಮತದಾರರ ಜಾಗೃತಿಯ ಹೆಸರಿನಲ್ಲಿ ಖಾಸಗಿ ಸಂಸ್ಥೆಯೊಂದರ ಜನರು ಮತಗಟ್ಟೆ ಅಧಿಕಾರಿಗಳಂತೆ ಗುರುತು ಚೀಟಿ ಹಾಕಿಕೊಂಡು ಮನೆಮನೆಗೆ ಹೋಗಿ ವಿವರ ಬರೆದುಕೊಂಡರು ಎಂಬ ಆರೋಪ ಬಂದಿತು. ಬಂಧನಗಳಾದವು. ಚುನಾವಣಾ ಆಯೋಗವು ಇಬ್ಬರು ಹಿರಿಯ ಅಧಿಕಾರಿಗಳ ಅಮಾನತಿಗೆ ಸೂಚಿಸಿ, ಮೂರು ವಿಧಾನಸಭಾ ಕ್ಷೇತ್ರಗಳ ಮತದಾರರ ಪಟ್ಟಿಯಲ್ಲಿ ಸೇರಿಸಿದ, ಕೈಬಿಟ್ಟ ಹೆಸರುಗಳನ್ನು ಮತ್ತೊಮ್ಮೆ ಪರಿಶೀಲಿಸಲು ಆದೇಶಿಸಿತು. ನಮ್ಮ ಸಂಘಗಳಲ್ಲಿ ಎಲ್ಲ ಪಕ್ಷದವರೂ ಸದಸ್ಯರಾಗಿದ್ದಾರೆ. ಹಾಲಿನ ಲೆಕ್ಕಕ್ಕೆಂದು ಕೊಟ್ಟ ಹೆಸರು, ಮೊಬೈಲ್ ಸಂಖ್ಯೆ ಹಾಲಿನ ಲೆಕ್ಕಕ್ಕೇ ಇರಬೇಕು. ಚುನಾವಣೆ ಕಾಲದಲ್ಲಿ ಯಾರು ಬಂದು ಕೇಳಿದರೂ ಸದಸ್ಯರ ಪಟ್ಟಿಯನ್ನು ಕೈಗೆ ಕೊಡಬಾರದು. ಇದು ಆಡಳಿತ ಮಂಡಳಿಗೂ ಅನ್ವಯಿಸುವ ಮಾತು.

ಹೆಬ್ಬೆಟ್ಟು ಮಾತ್ರ ಸಾಕು!

"ಮುಚ್ಚಿಡುವುದೇನಿದೆ" ಎಂಬುದಕ್ಕೆ ಇನ್ನೂ ಗಟ್ಟಿಯಾದ ಉತ್ತರ ಇಲ್ಲಿದೆ. ಹಳ್ಳಿಯಲ್ಲೇ ಹಣ ತೆಗೆಯಲು ಆಧಾರ್ ಆಧಾರಿತ ಪಾವತಿ ವ್ಯವಸ್ಥೆ ಇದೆ. ಅದಕ್ಕೆ ಬೇಕಾದದ್ದು ಮೂರೇ: ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು. ಒಟಿಪಿ ಬೇಡ, ಪಿನ್ ಬೇಡ. 2023ರಲ್ಲಿ ದಕ್ಷಿಣ ಕನ್ನಡವೂ ಸೇರಿ ರಾಜ್ಯದ ಹಲವೆಡೆ, ಆಸ್ತಿ ನೋಂದಣಿ ಮಾಡಿಸಿದವರ ಖಾತೆಗಳಿಂದ ಅವರಿಗೆ ತಿಳಿಯದಂತೆ ಹಣ ಹೋಯಿತು. ಪತ್ರಗಳಲ್ಲಿದ್ದ ಆಧಾರ್ ಸಂಖ್ಯೆ ಮತ್ತು ಹೆಬ್ಬೆಟ್ಟಿನ ಗುರುತನ್ನು ಕದ್ದು, ನಕಲಿ ಬೆರಳಚ್ಚು ತಯಾರಿಸಿ ಈ ಕೆಲಸ ಮಾಡುತ್ತಿದ್ದರು. ಹಣ ಕಳೆದುಕೊಂಡವರು ಯಾವ ತಪ್ಪನ್ನೂ ಮಾಡಿರಲಿಲ್ಲ. ಪಾಸ್‌ವರ್ಡ್ ಕಳೆದರೆ ಬದಲಾಯಿಸಬಹುದು, ಬೆರಳನ್ನು ಬದಲಾಯಿಸಲಾಗುವುದಿಲ್ಲ.

ಹೊಸ ಕಾನೂನು

2023ರ ಆಗಸ್ಟಿನಲ್ಲಿ ಸಂಸತ್ತು ವೈಯಕ್ತಿಕ ಡಿಜಿಟಲ್ ದತ್ತಾಂಶ ರಕ್ಷಣೆಯ ಕಾಯಿದೆಯನ್ನು ಅಂಗೀಕರಿಸಿತು. 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾದವು. ಹಂತಹಂತವಾಗಿ ಜಾರಿಗೊಳಿಸಲು ಕ್ರಮವಾಗಿದ್ದು, ಮುಖ್ಯ ಅಂಶಗಳಿಗೆ ಪ್ರಕಟಣೆಯಿಂದ 18 ತಿಂಗಳ ಅವಧಿ ಇಡಲಾಗಿದೆ. ಅದರಂತೆ, ಒಪ್ಪಿಗೆ ಪಡೆದು ವಿವರ ತೆಗೆದುಕೊಳ್ಳುವವರು ಯಾತಕ್ಕೆಂದು ತಿಳಿಸಬೇಕು. ಆ ತಿಳಿವಳಿಕೆಯನ್ನು ಕನ್ನಡದಲ್ಲಿ ಓದುವ ಆಯ್ಕೆ ನಿಮಗಿರಬೇಕು. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು, ತಪ್ಪಿದ್ದರೆ ತಿದ್ದಿಸಬಹುದು. ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡಲು ಇದರಲ್ಲಿ ಹೆಚ್ಚು ಅವಕಾಶವಿದೆ ಎಂಬ ಟೀಕೆಯೂ ಇದೆ. ಅದನ್ನೂ ನೀವು ತಿಳಿದಿರಬೇಕು.

ನೀವು ಮಾಡಬೇಕಾದದ್ದು

1. ಬೆರಳಚ್ಚಿಗೆ ಬೀಗ ಹಾಕಿಸಿ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಅಥವಾ ಅದರ ಮೊಬೈಲ್ ಆ್ಯಪ್‌ನಲ್ಲಿ ಇದನ್ನು ಮಾಡಬಹುದು. ಬೀಗ ಇದ್ದಾಗ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳು ಒಪ್ಪುವುದಿಲ್ಲ. ಹೋಗುವ ಮೊದಲು ತೆರೆದು, ಬಂದ ಮೇಲೆ ಮತ್ತೆ ಹಾಕಿ. ಮಾಹಿತಿಗೆ 1947 ಸಂಖ್ಯೆಗೆ ಕರೆ ಮಾಡಿ.

2. ಗುರುತಿಗಾಗಿ ಮಾತ್ರ ಆಧಾರ್ ಕೇಳಿದ ಕಡೆ, ಕೊನೆಯ 4 ಅಂಕಿ ಮಾತ್ರ ಕಾಣುವ ಪ್ರತಿ ಕೊಡಿ. ಅದೂ ಪ್ರಾಧಿಕಾರದ ಜಾಲತಾಣದಲ್ಲೇ ಸಿಗುತ್ತದೆ. ಜೆರಾಕ್ಸ್ ಕೊಡಲೇಬೇಕಾದರೆ ಅದರ ಮೇಲೆ ಯಾವ ಕೆಲಸಕ್ಕೆ ಎಂದು ಬರೆದು, ದಿನಾಂಕ ಹಾಕಿ, ಸಹಿ ಮಾಡಿ ಕೊಡಿ.

3. ಒಟಿಪಿ, ಪಿನ್ ಯಾರಿಗೂ ಹೇಳಬೇಡಿ. ಖಾತೆಗೆ ಹಣ ಬರುವುದಕ್ಕೆ ಪಿನ್ ಬೇಕಿಲ್ಲ, ಹೋಗುವುದಕ್ಕೆ ಮಾತ್ರ ಬೇಕು. "ಪ್ರೋತ್ಸಾಹಧನ ಬಂದಿದೆ, ಪಿನ್ ಒತ್ತಿ" ಎಂದು ಯಾರಾದರೂ ಹೇಳಿದರೆ ಅದು ಮೋಸ.

4. ವಾಟ್ಸಾಪಿನಲ್ಲಿ ಮದುವೆ ಆಮಂತ್ರಣ, ಸರ್ಕಾರಿ ಯೋಜನೆ ಎಂದು ಬರುವ ಎಪಿಕೆ ಕಡತಗಳನ್ನು ಒತ್ತಬೇಡಿ, ಪರಿಚಯದವರ ಸಂಖ್ಯೆಯಿಂದ ಬಂದಿದ್ದರೂ ಸರಿ.

5. ಹಣ ಹೋಯಿತೆಂದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ನಾಚಿಕೆಪಟ್ಟು ಸುಮ್ಮನಿರಬೇಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಮಹಿಳಾ ಸದಸ್ಯರಿಗೆ ಒಂದು ಮಾತು

ಅನೇಕ ಮನೆಗಳಲ್ಲಿ ಹಸು ನೋಡಿಕೊಳ್ಳುವವರು ತಾಯಿ, ಖಾತೆ ತಾಯಿಯದು, ಆದರೆ ಖಾತೆಗೆ ಸೇರಿಸಿದ ಮೊಬೈಲ್ ಮಗನದೋ ಅಳಿಯನದೋ ಆಗಿರುತ್ತದೆ. ಹಣ ಬಂದ ಸಂದೇಶವೂ ಅಲ್ಲಿಗೆ, ಒಟಿಪಿಯೂ ಅಲ್ಲಿಗೆ. ಹಣ ಹೋದರೂ ತಾಯಿಗೆ ತಿಳಿಯುವುದಿಲ್ಲ. ಮನೆಯವರ ಮೇಲೆ ಅಪನಂಬಿಕೆ ಬೇಡ. ಆದರೆ ದುಡಿದವರ ಕೈಯಲ್ಲೇ ಲೆಕ್ಕ ಇರುವುದು ನ್ಯಾಯ. ನಿಮ್ಮದೇ ಸಂಖ್ಯೆಯನ್ನು ಬ್ಯಾಂಕಿನಲ್ಲಿ ಸೇರಿಸಿ, ಓದಲು ಬಾರದಿದ್ದರೆ ಸಂದೇಶ ಬಂದಾಗಲೆಲ್ಲ ಮಕ್ಕಳಿಂದ ಓದಿಸಿ ಕೇಳಿ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಫಲವಿಲ್ಲ. ಯಂತ್ರವನ್ನು ಬೇಡ ಎನ್ನುವುದೂ ಬೇಡ, ಕಣ್ಣು ಮುಚ್ಚಿ ಹೆಬ್ಬೆಟ್ಟು ಒತ್ತುವುದೂ ಬೇಡ. ಮುಂದಿನ ಬಟವಾಡೆಯ ದಿನ ಸಂಘಕ್ಕೆ ಬಂದಾಗ ನಿಮ್ಮ ಖಾತೆಗೆ ಯಾರ ಮೊಬೈಲ್ ಸೇರಿದೆ, ಯಂತ್ರದಲ್ಲಿ ನಿಮ್ಮ ಹೆಸರಿನ ಮುಂದೆ ಏನೇನು ವಿವರ ಇದೆ ಎಂದು ಕಾರ್ಯದರ್ಶಿಯವರನ್ನು ಕೇಳಿ. ವಾರ್ಷಿಕ ಮಹಾಸಭೆಯಲ್ಲೂ ಈ ಪ್ರಶ್ನೆಯನ್ನು ಎತ್ತಿ. ಹಾಲಿನ ತೂಕವನ್ನು ಇಣುಕಿ ನೋಡಿದಷ್ಟೇ ಸಹಜವಾಗಿ ಇದನ್ನೂ ನೋಡಿ.