ಹೊರಡುವ ಮುನ್ನ ಮರಳುವ ದಾರಿ

ಮಕ್ಕಳನ್ನು ವೈದ್ಯಕೀಯ ಓದಿಗೆ ಹೊರದೇಶಕ್ಕೆ ಕಳಿಸುವ ಹೊಸಪೇಟೆಯ ತಾಯ್ತಂದೆಯರು ಶುಲ್ಕ, ಊಟ, ಚಳಿಗಳ ಜೊತೆಗೆ ಆ ದೇಶದ ರಾಜಕೀಯ ಹವೆಯನ್ನೂ ವಿಚಾರಿಸಬೇಕು. ಉಕ್ರೇನ್ ಕಲಿಸಿದ ಪಾಠವಿದು.

2022ರ ಫೆಬ್ರವರಿ 15ರಂದೇ ಕೀವ್‌ನ ಭಾರತೀಯ ರಾಯಭಾರ ಕಚೇರಿ, ಇರಲೇಬೇಕಾದ ಅಗತ್ಯವಿಲ್ಲದ ವಿದ್ಯಾರ್ಥಿಗಳು ತಾತ್ಕಾಲಿಕವಾಗಿ ಹೊರಡುವುದು ಒಳಿತೆಂದು ಸೂಚಿಸಿತ್ತು. ತರಗತಿ ತಪ್ಪೀತೆಂದು ಹಲವರು ಉಳಿದರು. 24ರಂದು ಯುದ್ಧ ಆರಂಭವಾಯಿತು. ವಿಮಾನ ಸಂಚಾರ ನಿಂತಿತು. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. ಸಾವಿರಾರು ಮಂದಿ ನೆರೆದೇಶಗಳ ಗಡಿ ದಾಟಿ ‘ಆಪರೇಷನ್ ಗಂಗಾ’ ವಿಮಾನಗಳಲ್ಲಿ ಮರಳಿದರು.

ಆದ್ದರಿಂದ, ತಲುಪಿದ ಕೂಡಲೇ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ. ಪಾಸ್‌ಪೋರ್ಟ್ ಕೈಗೆಟುಕುವಂತಿರಲಿ, ವಾಪಸು ಟಿಕೆಟ್ಟಿನ ಹಣ ಮುಟ್ಟದೆ ಇಟ್ಟಿರಿ. ‘ಹೊರಡಿ’ ಎಂಬ ಸೂಚನೆ ಬಂದ ದಿನ ಹಾಜರಾತಿಯ ಲೆಕ್ಕ ಬೇಡ. ಕಳೆದ ಸೆಮಿಸ್ಟರನ್ನು ಮತ್ತೆ ಓದಬಹುದು.