ಕೆನಡಾ ಲೀ

ಕೆನಡಾ ಲೀ ಅಮೆರಿಕದ ನಟ. ಕೆನಡಾ ದೇಶಕ್ಕೂ ಅವನಿಗೂ ಸಂಬಂಧವಿಲ್ಲ. 1907ರಲ್ಲಿ ನ್ಯೂಯಾರ್ಕಿನ ಕರಿಯರ ಕುಟುಂಬವೊಂದರಲ್ಲಿ ಜನಿಸಿದ ಅವನ ಮನೆತನದ ಹೆಸರು ಕಾನೆಗಾಟ. ಮುಷ್ಟಿಯುದ್ಧದ ಕಣದಲ್ಲಿ ಘೋಷಕನೊಬ್ಬನು 'ಲೀ ಕಾನೆಗಾಟ' ಎಂಬುದನ್ನು ತಪ್ಪಾಗಿ ಕೂಗಿದನು. ಅದೇ ಹೆಸರು ನಿಂತಿತು. ಪಿಟೀಲು, ಕುದುರೆ ಪಂದ್ಯ, ಮುಷ್ಟಿಯುದ್ಧ ಮೂರನ್ನೂ ಅವನು ಕೈಗೊಂಡು ಬಿಡಬೇಕಾಯಿತು. ಕಡೆಯದು ಒಂದು ಕಣ್ಣಿನ ದೃಷ್ಟಿಯನ್ನೇ ಕಸಿದುಕೊಂಡಿತು.

ಹೊಟ್ಟೆಪಾಡಿಗಾಗಿ ಕೆಲಸವನ್ನರಸುತ್ತಿದ್ದಾಗ ಅವನಿಗೆ ರಂಗಭೂಮಿ ದೊರೆಯಿತು. 1936ರಲ್ಲಿ ಆರ್ಸನ್ ವೆಲ್ಸ್ ಹಾರ್ಲೆಮ್‌ನಲ್ಲಿ ಆಡಿಸಿದ 'ಮ್ಯಾಕ್‌ಬೆತ್'ನಲ್ಲಿ ಅವನು ಬ್ಯಾಂಕೋ. 1941ರಲ್ಲಿ 'ನೇಟಿವ್ ಸನ್' ನಾಟಕದ ನಾಯಕ ಬಿಗರ್ ಥಾಮಸ್. ಈ ಪಾತ್ರದಿಂದ ಅವನ ಕೀರ್ತಿ ಹಬ್ಬಿತು.

ಆಗಿನ ಚಲನಚಿತ್ರಗಳಲ್ಲಿ ಕರಿಯ ನಟನಿಗೆ ಸಾಮಾನ್ಯವಾಗಿ ಸಿಗುತ್ತಿದ್ದುದು ಆಳಿನ ಪಾತ್ರ, ಇಲ್ಲವೆ ಕೋಡಂಗಿಯ ಪಾತ್ರ. ಹಿಚ್‌ಕಾಕನ 'ಲೈಫ್‌ಬೋಟ್' (1944) ಚಿತ್ರದಲ್ಲಿ ಹಡಗಿನ ಪರಿಚಾರಕನಾದ ಲೀ, ಮಾತುಮಾತಿಗೂ ತಲೆಬಾಗುವ ಸಂಭಾಷಣೆಯನ್ನು ತಾನೇ ತಿದ್ದಿಕೊಂಡನು. ಅವನ ಪಾತ್ರ ಚಿಕ್ಕದು; ಆದರೂ ಪರದೆಯ ಮೇಲೆ ಆಳಲ್ಲ, ಮನುಷ್ಯನೇ ಕಾಣುತ್ತಾನೆ.

ವರ್ಣಭೇದದ ವಿರುದ್ಧ ಬಹಿರಂಗವಾಗಿ ಮಾತನಾಡಿದ ಅವನನ್ನು ಕಮ್ಯೂನಿಸ್ಟನೆಂದು ಶಂಕಿಸಿದರು. ರೇಡಿಯೋ, ಟೆಲಿವಿಷನ್‌ಗಳ ಬಾಗಿಲು ಮುಚ್ಚಿತು. ಕೊನೆಯ ಚಿತ್ರ 'ಕ್ರೈ, ದಿ ಬಿಲವೆಡ್ ಕಂಟ್ರಿ'ಗಾಗಿ ಅವನು ದಕ್ಷಿಣ ಆಫ್ರಿಕಕ್ಕೆ ಹೋದನು. ಮಗನು ಗಲ್ಲಿಗೇರುವುದನ್ನು ಕಾಣಬೇಕಾದ ಹಳ್ಳಿಯ ವೃದ್ಧ ಪಾದ್ರಿಯಾಗಿ ಅದರಲ್ಲಿ ಅಭಿನಯಿಸಿದನು. ಚಿತ್ರವು ನ್ಯೂಯಾರ್ಕಿನಲ್ಲಿ ತೆರೆಕಂಡ ಕೆಲವೇ ತಿಂಗಳಲ್ಲಿ, 1952ರ ಮೇನಲ್ಲಿ, ತನ್ನ 45ನೆಯ ವಯಸ್ಸಿನಲ್ಲಿ ಲೀ ನಿಧನನಾದನು.